ನಮ್ಮಜ್ಜಿ ಅಪ್ಪೆಮಿಡಿ ನೋಡಿದವಳೇ ಅಲ್ಲ: ಉಪ್ಪಿನಕಾಯಿ ಮಾರುವ ನನಗೆ ‘ಪರ್ಸನಲ್ ಬ್ರ್ಯಾಂಡ್’ ಹೇಗಿರಬೇಕು?

ಸಾಗರದ ಸೊಸೆ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಾನು ಸಾಗರದ ಹತ್ತಿರ ಒಂದು ಹಳ್ಳಿಯಲ್ಲಿದ್ದೇನೆ. ಎರಡು ಎಕರೆ ಅಡಿಕೆ ತೋಟ, ಅದರ ಜೊತೆಗೆ ನನ್ನ ಅಪ್ಪೆಮಿಡಿ (ಘಮಘಮಿಸುವ ಎಳೆ ಮಾವಿನಕಾಯಿ) ಉಪ್ಪಿನಕಾಯಿ. 2020ರ ಲಾಕ್‌ಡೌನ್‌ನಲ್ಲಿ 40 ಬಾಟಲಿಯಿಂದ ಶುರುವಾಗಿದ್ದು. ಈ ವರ್ಷ 11,000 ಮಿಡಿ ಹಾಕಿದ್ದೇನೆ. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಇದೆ, 14 ಅಂಕಿಯ ನಂಬರು ಲೇಬಲ್ ಮೇಲಿದೆ. ಇನ್‌ಸ್ಟಾಗ್ರಾಮಿನಲ್ಲಿ 6,200 ಫಾಲೋವರ್ಸ್. ದೊಡ್ಡ ಸಂಖ್ಯೆ ಅಲ್ಲ, ಗೊತ್ತು. ಆದರೆ ಅರ್ಧಕ್ಕಿಂತ ಜಾಸ್ತಿ ಆರ್ಡರ್ ಅಲ್ಲಿಂದಲೇ ಬರುತ್ತವೆ.

ಹೋದ ತಿಂಗಳು ನಮ್ಮ ಭಾವನ ಮಗ ಬೆಂಗಳೂರಿನಿಂದ ಒಬ್ಬ ಗೆಳೆಯನನ್ನು ಕರೆದುಕೊಂಡು ಬಂದ. ಆ ಹುಡುಗನ ಕೆಲಸವೇ ಬ್ರ್ಯಾಂಡಿಂಗ್ ಅಂತೆ. ಒಳ್ಳೆಯ ಹುಡುಗ, ತಂಬುಳಿಯನ್ನು ಎರಡು ಸಲ ಹಾಕಿಸಿಕೊಂಡು ಊಟ ಮಾಡಿದ. ಕೈ ತೊಳೆದು ಬಂದು ಲ್ಯಾಪ್‌ಟಾಪ್ ತೆರೆದ. "ಆಂಟಿ, ಉಪ್ಪಿನಕಾಯಿ ಯಾರು ಬೇಕಾದ್ರೂ ಮಾರ್ತಾರೆ. ನೀವು ಮಾರಬೇಕಾಗಿರೋದು ನಿಮ್ಮನ್ನ" ಅಂದ. ಒಳಗಿನಿಂದ ಅತ್ತೆ ಕೆಮ್ಮಿದರು.

ಅವನು ಹೇಳಿದ್ದು 12 ರೀಲ್ಸ್, 25,000 ರೂಪಾಯಿ. ಶೂಟಿಂಗ್ ನಮ್ಮ ಮನೆಯಲ್ಲಿ ಬೇಡ, ಪಕ್ಕದ ಊರಿನ ಹಳೇ ತೊಟ್ಟಿಮನೆಯಲ್ಲಿ. ನಮ್ಮದು 2009ರಲ್ಲಿ ಕಟ್ಟಿಸಿದ ಆರ್‌ಸಿಸಿ ಮನೆ. ಅಡುಗೆಮನೆಗೆ ಹಸಿರು ಟೈಲ್ಸ್. ಅದು ಫ್ರೇಮಿನಲ್ಲಿ ಚೆನ್ನಾಗಿ ಕಾಣಲ್ವಂತೆ. ನಾನು ಕೈಮಗ್ಗದ ಸೀರೆ ಉಟ್ಟು ಒರಳಿನ ಮುಂದೆ ಕೂತು ಸಾಸಿವೆ ರುಬ್ಬಬೇಕು. ನಾನು ಸಾಸಿವೆ ಪುಡಿ ಮಾಡುವುದು ಮಿಕ್ಸಿಯಲ್ಲಿ, ನೈಟಿ ಮೇಲೊಂದು ಟವೆಲ್ ಹಾಕಿಕೊಂಡು. ನಮ್ಮ ಒರಳು ಕೊಟ್ಟಿಗೆ ಪಕ್ಕ ಬಿದ್ದಿದೆ, ಅದರಲ್ಲಿ ನಾಯಿಗೆ ನೀರಿಡುತ್ತೇವೆ.

ಇಷ್ಟಕ್ಕೂ ಹೂಂ ಅನ್ನುತ್ತಿದ್ದೆನೋ ಏನೋ. ಅವನು ಬರೆದ ಮೊದಲ ಸಾಲು ಹೀಗಿತ್ತು: "ಈ ರುಚಿ ನನಗೆ ನಮ್ಮಜ್ಜಿಯಿಂದ ಬಂದದ್ದು."

ನಾನು ಹುಟ್ಟಿ ಬೆಳೆದದ್ದು ದಾವಣಗೆರೆ. ನಮ್ಮಜ್ಜಿ ಅಪ್ಪೆಮಿಡಿಯನ್ನು ಕಣ್ಣಲ್ಲಿ ಕಂಡವಳಲ್ಲ. ಅವಳ ಕೈಯಲ್ಲಿ ಚೆನ್ನಾಗಿ ಆಗುತ್ತಿದ್ದದ್ದು ಮಂಡಕ್ಕಿ, ಮೆಣಸಿನಕಾಯಿ. ಉಪ್ಪಿನಕಾಯಿ ಅಂದರೆ ಅವಳಿಗೆ ನಿಂಬೆಹಣ್ಣಿನದು. ನಾನು ಮಿಡಿ ಮೊದಲು ತಿಂದದ್ದು 2007ರಲ್ಲಿ, ಮದುವೆಯಾಗಿ ಬಂದ ಮಾರನೇ ದಿನ. ಮೇಲೆ ಮೇಲೆ ಕಚ್ಚಿ, ಒಳಗಿನದ್ದು ಗೊರಟು ಅಂದುಕೊಂಡು ಎಲೆಯ ತುದಿಗೆ ಇಟ್ಟೆ. ಪಂಕ್ತಿಯಲ್ಲಿ ಕೂತವರೆಲ್ಲ ನನ್ನ ಎಲೆಯನ್ನೇ ನೋಡಿದರು. ಗೊರಟು ಬಲಿಯುವ ಮೊದಲೇ ಕೊಯ್ಯುತ್ತಾರೆ, ಇಡೀ ಮಿಡಿ ತಿನ್ನುತ್ತಾರೆ ಅಂತ ನನಗೇನು ಗೊತ್ತು? ಅತ್ತೆ ಇವತ್ತಿಗೂ ಬಂದವರ ಮುಂದೆಲ್ಲ ಅದನ್ನು ಹೇಳಿ ನಗುತ್ತಾರೆ.

ಕಲಿಸಿದ್ದು ಆ ಅತ್ತೆಯೇ. ತೊಟ್ಟು ಇಲ್ಲದ ಮಿಡಿಯನ್ನು ಬೇರೆ ತೆಗೆ, ಅದು ಬೇಗ ಮೆತ್ತಗಾಗುತ್ತೆ. ಮರದಿಂದ ನೆಲಕ್ಕೆ ಬಿದ್ದದ್ದನ್ನು ತರಲೇಬೇಡ. ತೊಳೆದು ಬಟ್ಟೆ ಮೇಲೆ ಆರಿಸು. ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು, ಮೇಲೊಂದು ಭಾರದ ಕಲ್ಲು. ದಿನ ಕಳೆದ ಹಾಗೆ ಮಿಡಿ ನೀರು ಬಿಟ್ಟು ಚಿರುಟುತ್ತದೆ. ಆ ಉಪ್ಪುನೀರನ್ನೇ ಕುದಿಸಿ, ಪೂರ್ತಿ ಆರಿಸಿ, ಸಾಸಿವೆ, ಬ್ಯಾಡಗಿ ಮೆಣಸು, ಅರಿಶಿನ ಸೇರಿಸಬೇಕು. ‘ಪೂರ್ತಿ ಆರಿದೆ’ ಅಂದರೆ ಅತ್ತೆಯ ಪ್ರಕಾರ ಮುಟ್ಟಿದರೆ ಬೆಚ್ಚಗಿಲ್ಲದಿರುವುದು ಅಲ್ಲ. ಪಾತ್ರೆಯ ತಳದ ಕೆಳಗಿನ ಚಾಪೆಯೂ ತಣ್ಣಗಾಗಿರಬೇಕು.

ಅತ್ತೆಗೆ ಕ್ಯಾಮೆರಾ ಆಗುವುದಿಲ್ಲ. "ನನ್ನ ಫೋಟೋ ನಾನು ಹೋದಮೇಲೆ ಗೋಡೆಗೆ ಹಾಕಿ" ಅನ್ನುತ್ತಾರೆ. ಆದರೆ ನನ್ನ ವಿಡಿಯೊಗಳಲ್ಲಿ ಜನ ಜಾಸ್ತಿ ನೋಡಿದ್ದು ಅವರ ದನಿ ಇರುವುದನ್ನೇ. ಮಾರ್ಚ್‌ನಲ್ಲಿ ನಾನು ಮಿಡಿ ಆರಿಸುತ್ತ ಕೂತಿದ್ದೆ. ಒಂಬತ್ತನೇ ಕ್ಲಾಸಿನ ಮಗ ಸುಮ್ನೆ ಫೋನ್ ಹಿಡಿದಿದ್ದ. ನಾನು ಕೈ ಎತ್ತಿದ್ದೇ ತಡ, ಒಳಗಿನಿಂದ ದನಿ ಬಂತು: "ಏ, ಸೊನೆ ಕೈಯಲ್ಲಿ ಕಣ್ಣು ಮುಟ್ಟಬ್ಯಾಡ ಮಾರಾಯ್ತಿ! ಹೋದ ವರ್ಷದ್ದು ಮರೆತೋಯ್ತಾ?" ಅದನ್ನು ಹಾಗೇ ಹಾಕಿದೆ. 1.8 ಲಕ್ಷ ಜನ ನೋಡಿದರು, ಆ ವಾರ 70 ಆರ್ಡರ್. ನಾನು ಸೀರೆ ಉಟ್ಟು, ಬೆಳಕು ನೋಡಿ ಮಾಡಿದವು 900 ದಾಟಿಲ್ಲ. ಅತ್ತೆಗೆ ಇದು ಗೊತ್ತಾದದ್ದು ಒಂದು ಮದುವೆಮನೆಯಲ್ಲಿ, ಯಾರೋ "ನಿಮ್ಮ ದನಿ ಮೊಬೈಲಿನಲ್ಲಿ ಕೇಳಿದ್ವಿ" ಅಂದಾಗ. ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಈಗ ಈ ಹುಡುಗ, ಪ್ರತಿ ವಿಡಿಯೊದಲ್ಲೂ ‘ಗದರುವ ಅಜ್ಜಿ’ ಇರಲೇಬೇಕು, ಅದೇ ನಿಮ್ಮ ಬ್ರ್ಯಾಂಡ್ ಅನ್ನುತ್ತಿದ್ದಾನೆ.

ಇನ್ನೊಂದು ವಿಷಯ ಇದೆ. ಬರೆಯಲು ನಾಚಿಕೆ ಆಗುತ್ತಿದೆ. ಜೂನ್‌ನಲ್ಲಿ ಮಳೆ ಹಿಡಿದ ವಾರ ಒಂದು ಭರಣಿಯಿಂದ 60 ಬಾಟಲಿ ತುಂಬಿದೆ. ಬಿಸಿಲಿರಲಿಲ್ಲ. ತೊಳೆದ ಬಾಟಲಿ ಪೂರ್ತಿ ಒಣಗಿರಲಿಲ್ಲ. ಆರ್ಡರ್ ಇದೆ ಅಂತ ಅವಸರ ಮಾಡಿದೆ. ಮೂರು ವಾರಕ್ಕೆ ಮೇಲೆ ಬಿಳಿ ಪದರ, ಬೂಷ್ಟು. ಅಷ್ಟರಲ್ಲಿ 22 ಬಾಟಲಿ ಹೋಗಿಯಾಗಿತ್ತು. ಉಳಿದ 38ನ್ನು ತಿಪ್ಪೆಗೆ ಸುರಿದೆ. ಇಬ್ಬರು ಫೋಟೋ ಕಳಿಸಿ ಕೇಳಿದರು, ದುಡ್ಡು ವಾಪಸ್ ಕೊಟ್ಟೆ. ಇನ್ನು 20 ಜನ ಏನೂ ಹೇಳಿಲ್ಲ. ಹುಡುಗ ಅನ್ನುವುದು, "ಕೇಳಿದವರಿಗೆ ಮಾತ್ರ ಕೊಡಿ ಆಂಟಿ, ಪೇಜಿನಲ್ಲಿ ಬರೀಬೇಡಿ, ಬ್ರ್ಯಾಂಡ್ ಹಾಳಾಗುತ್ತೆ."

‘ಆಥೆಂಟಿಕ್ ಆಗಿರಿ’ ಅಂತ ಅವನೇ ದಿನಕ್ಕೆ ಹತ್ತು ಸಲ ಅನ್ನುತ್ತಾನೆ. ನನ್ನದು ಅಂತ ಇರುವುದು ಹಸಿರು ಟೈಲ್ಸ್, ಮಿಕ್ಸಿ, ದಾವಣಗೆರೆ, ಬೂಷ್ಟು. ಇದನ್ನೆಲ್ಲ ತೋರಿಸಿದರೆ ಯಾರು ಕೊಳ್ಳುತ್ತಾರೆ? ಎಷ್ಟು ಹೇಳಬೇಕು, ಎಷ್ಟು ಬಿಡಬೇಕು? ಇಂಥದ್ದು ಮಾಡಿದವರು ಇದ್ದರೆ ಹೇಳಿ.

---

ಕಟ್ಟೆಪುರಾಣ ಉತ್ತರ

ಇನ್‌ಸ್ಟಾಗ್ರಾಮ್ ತೆರೆದರೆ ಉಪ್ಪಿನಕಾಯಿಗೊಬ್ಬ ಅಜ್ಜಿ, ತಲೆಗೆಣ್ಣೆಗೊಬ್ಬ ಅಜ್ಜಿ, ರಾಗಿ ಮಾಲ್ಟಿಗೊಬ್ಬ ಅಜ್ಜಿ. ಇವರನ್ನೆಲ್ಲ ಸೇರಿಸಿದರೆ ಅರಮನೆ ಮೈದಾನದಲ್ಲಿ ಒಂದು ಸಮಾವೇಶ ಮಾಡಬಹುದು. ದಯವಿಟ್ಟು ಇನ್ನೊಬ್ಬರನ್ನು ಸೇರಿಸಬೇಡಿ ಮೇಡಂ.

ಆ 25,000ದಲ್ಲಿ ಸೋರದೇ ಇರುವ ಮುಚ್ಚಳದ ಬಾಟಲಿ ತಗೊಳ್ಳಿ. ಹೋದ ವರ್ಷ ನಾನು ಬೇರೆ ಯಾರದ್ದೋ ಮಿಡಿ ತರಿಸಿದ್ದೆ. ಲೇಬಲ್ ಮೇಲೆ ಚಿತ್ರ ಬಹಳ ಚೆನ್ನಾಗಿತ್ತು. ರಸ ಎಲ್ಲ ಕೊರಿಯರ್ ಚೀಲದಲ್ಲಿತ್ತು.

---

ಜಾಹೀರಾತು ಬರೆಯುವವಳು ಉತ್ತರ

ಅಕ್ಕ, ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ. ಬೆಂಗಳೂರಿನಲ್ಲಿ 9 ವರ್ಷದಿಂದ ಇದೇ ಕೆಲಸ ನನ್ನದು. ‘ಅಜ್ಜಿಯ ಕೈರುಚಿ’ ಅಂತ ಕಡಿಮೆ ಅಂದರೂ ಎಂಟು ಸಲ ಬರೆದಿದ್ದೇನೆ. ಒಂದು ಸಲ ಅದು ಕಾರ್ಖಾನೆಯಲ್ಲಿ ಆಗುವ ಸಾರಿನಪುಡಿಗೆ. ಅಜ್ಜಿ ಅಂತ ತೋರಿಸಿದ್ದು ನಾಟಕದ ಕಲಾವಿದೆಯನ್ನು. ಅವರಿಗೆ 48 ವರ್ಷ, ಬಿಳಿ ಕೂದಲು ನಮ್ಮದು.

ಆ ಹುಡುಗನನ್ನು ನಾನು ಬೈಯಲ್ಲ. ಜನ ಮನುಷ್ಯರನ್ನು ನೋಡಿ ಕೊಳ್ಳುತ್ತಾರೆ ಅನ್ನುವುದು ನಿಜವೇ. ಅವನು ತಪ್ಪಿದ್ದು ಬೇರೆ ಕಡೆ. ನಿಮ್ಮನ್ನು ಮಾರಿ ಅಂತ ಹೇಳಿ, ಮಾರಲು ಹೊರಟಿದ್ದು ಬೇರೆ ಯಾರನ್ನೋ.

ಯಾವುದು ಸುಳ್ಳು, ಯಾವುದು ಅಲ್ಲ ಅಂತ ತಲೆ ಕೆಡಿಸಿಕೊಂಡಿದ್ದೀರಿ ಅಲ್ವಾ. ನಾನು ಒಂದೇ ಲೆಕ್ಕ ನೋಡುತ್ತೇನೆ. ನೈಟಿ ಬಿಟ್ಟು ಸೀರೆ ಉಟ್ಟರೆ ಯಾರಿಗೂ ಮೋಸ ಆಗಲ್ಲ. ನೆಂಟರು ಬಂದಾಗ ಉಡಲ್ವಾ? ಕಟ್ಟೆ ಒರೆಸಿ ವಿಡಿಯೊ ಮಾಡಿದರೂ ಮೋಸ ಅಲ್ಲ. ಒರಳು ತೋರಿಸಿ ಮಿಕ್ಸಿಯದ್ದು ಕೊಟ್ಟರೆ ಮೋಸ. ನೋಡಿ ಕೊಂಡವರು ಆ ಒರಳಿಗೂ ಸೇರಿಸಿ ದುಡ್ಡು ಕೊಟ್ಟಿರುತ್ತಾರೆ. ಅಜ್ಜಿ ಸಾಲೂ ಅಷ್ಟೇ.

ಕಾನೂನಿನ ಮಾತೂ ಇದೆ. ತಿನ್ನುವ ವಸ್ತುವಿನ ಜಾಹೀರಾತಿಗೆ ಎಫ್‌ಎಸ್‌ಎಸ್‌ಎಐನ 2018ರ ನಿಯಮಗಳಿವೆ. ನೈಸರ್ಗಿಕ, ತಾಜಾ, ಶುದ್ಧ, ಸಾಂಪ್ರದಾಯಿಕ, ಅಸಲಿ ಇಂಥ ಮಾತುಗಳನ್ನು ಯಾವಾಗ ಬಳಸಬಹುದು ಅಂತ ಅದರಲ್ಲಿ ಬೇರೆಬೇರೆಯಾಗಿ ಬರೆದಿದ್ದಾರೆ. ‘ಸಾಂಪ್ರದಾಯಿಕ’ ಅನ್ನಬೇಕಾದರೆ ಆ ಮಾಡುವ ಕ್ರಮ ತಲೆಮಾರುಗಳಿಂದ ಹೆಚ್ಚು ಬದಲಾಗದೆ ಬಂದಿರಬೇಕು. ನಿಮ್ಮ ಅತ್ತೆಯ ಕಲ್ಲು, ಹರಳುಪ್ಪಿಗೆ ಬೇಕಾದರೆ ಅದನ್ನು ಹೇಳಬಹುದು. ನಿಮ್ಮ ದಾವಣಗೆರೆ ಅಜ್ಜಿಗೆ ಹೇಳಲು ಬರಲ್ಲ. ಇದರ ಮೇಲೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬೇರೆ. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ. 60 ಬಾಟಲಿಯವರ ಮನೆಗೆ ನಾಳೆಯೇ ಯಾರೂ ಬಂದು ಬಾಗಿಲು ಬಡಿಯಲ್ಲ. ಆದರೂ ತಿಳಿದಿರಲಿ.

ಈಗ ಆ 1.8 ಲಕ್ಷದ ವಿಷಯ. ಇನ್‌ಸ್ಟಾಗ್ರಾಮಿನ ಮುಖ್ಯಸ್ಥ ಆಡಮ್ ಮೊಸ್ಸೇರಿ 2025ರ ಜನವರಿಯಲ್ಲಿ ಬಾಯಿಬಿಟ್ಟು ಹೇಳಿದ್ದಾರೆ. ಎಷ್ಟು ಹೊತ್ತು ನೋಡಿದರು, ಎಷ್ಟು ಲೈಕ್, ಎಷ್ಟು ಜನ ಬೇರೆಯವರಿಗೆ ಕಳಿಸಿದರು, ಈ ಮೂರು ಮುಖ್ಯ. ನಿಮ್ಮನ್ನು ಫಾಲೋ ಮಾಡದವರವರೆಗೆ ಹೋಗಬೇಕಾದರೆ ‘ಕಳಿಸಿದ್ದು’ ಜಾಸ್ತಿ ತೂಗುತ್ತದೆ. ಇನ್‌ಸೈಟ್ಸ್ (ವಿಡಿಯೊದ ಲೆಕ್ಕ ತೋರಿಸುವ ಪುಟ) ತೆರೆದು ಆ ವಿಡಿಯೊದ ಶೇರ್ ನೋಡಿ. ನನ್ನ ಊಹೆ ಏನು ಗೊತ್ತಾ? ಊರಿನಲ್ಲಿರುವ ಸೊಸೆಯಂದಿರೆಲ್ಲ ಅದನ್ನು ಒಬ್ಬರಿಗೊಬ್ಬರು ಕಳಿಸಿಕೊಂಡಿದ್ದಾರೆ. ನಾನೂ ಹುಡುಕಿ ನೋಡಿದೆ, ನನ್ನ ಓರಗಿತ್ತಿಗೆ ಕಳಿಸಿದೆ.

ಆದರೆ ಅದನ್ನೇ ದಿನಾ ಮಾಡಲು ಹೋದರೆ ಕೆಡುತ್ತದೆ. ‘ಅಕಸ್ಮಾತ್’ ಸಿಕ್ಕ ಹಾಗೆ ಕಾಣುವ ವಿಡಿಯೊ ಮಾಡಿಕೊಡುವುದೇ ಈಗ ಒಂದು ಕಸುಬು. ಫೋನ್ ಎಷ್ಟು ಅಲುಗಾಡಬೇಕು, ಯಾವಾಗ ನಾಯಿ ಬೊಗಳಬೇಕು ಅನ್ನುವುದನ್ನೂ ಬರೆದುಕೊಡುತ್ತೇವೆ. ಗದರುವ ಅಜ್ಜಿಗೆ ಮಾತು ಬರೆದುಕೊಟ್ಟ ದಿನ ಅವರು ನಿಮ್ಮ ಅತ್ತೆಯಾಗಿ ಉಳಿಯಲ್ಲ. ನನ್ನ ಬಿಳಿ ಕೂದಲಿನ ಕಲಾವಿದೆ ಆಗುತ್ತಾರೆ, ಅದೂ ಸಂಬಳ ಇಲ್ಲದೆ.

ಬೂಷ್ಟಿನ ವಿಷಯಕ್ಕೆ ನನ್ನ ಕೆಲಸದ ಬುದ್ಧಿ ಉಪಯೋಗಿಸಲ್ಲ. ಅದು ಹೊಟ್ಟೆಗೆ ಹೋಗುವ ವಸ್ತು. ಆ 20 ಜನಕ್ಕೆ ಇವತ್ತೇ ಹೇಳಿ.

---

ಹುಬ್ಬಳ್ಳಿ ವೈರ್‌ಮನ್ ಉತ್ತರ

ಅಕ್ಕಾರ, ನಾನು ಹುಬ್ಬಳ್ಳಿಯಲ್ಲಿ 17 ವರ್ಷದಿಂದ ಮನೆ ವೈರಿಂಗ್ ಮಾಡುತ್ತೇನೆ. 2021ರಿಂದ ಯೂಟ್ಯೂಬಿನಲ್ಲಿ ಸಣ್ಣ ಸಣ್ಣ ವಿಡಿಯೊ ಹಾಕುತ್ತೇನೆ. ಬ್ರ್ಯಾಂಡ್ ಅಂತ ನಾನೇನೂ ಅಂದುಕೊಂಡಿರಲಿಲ್ಲ. ಈಗ ಜನ ಫೋನ್ ಮಾಡಿ "ಟೆಸ್ಟರ್ ಅಣ್ಣ ಇದ್ದಾರೇನ್ರಿ" ಅಂತ ಕೇಳುತ್ತಾರೆ, ಪ್ರತಿ ವಿಡಿಯೊದಲ್ಲಿ ಜೇಬಿನಲ್ಲಿ ಟೆಸ್ಟರ್ ಇರುತ್ತದಲ್ಲ, ಅದಕ್ಕೆ.

ನಿಮ್ಮ ಬೂಷ್ಟು ಓದಿ ನನ್ನದೊಂದು ನೆನಪಾಯಿತು. ಒಂದು ಮನೆಗೆ ಆರ್‌ಸಿಸಿಬಿ ಹಾಕಿದ್ದೆ. ಕರೆಂಟ್ ಬೇರೆ ದಾರಿಯಲ್ಲಿ ಸೋರಿದ ಕೂಡಲೇ, ಶಾಕ್ ಜೀವಕ್ಕೆ ಕುತ್ತಾಗದ ಹಾಗೆ ಕಡಿಯುವ ಸ್ವಿಚ್ಚು ಅದು, 30 ಮಿಲಿಆಂಪಿನದು. ಗೀಸರ್ ಹಾಕಿದರೆ ಸಾಕು ಬೀಳುವುದು. ಮಾಲೀಕರಿಗೆ "ಪೀಸ್ ಸರಿ ಇಲ್ರಿ" ಅಂದೆ. ಬದಲಿಸಿದೆ. ಮತ್ತೆ ಬಿತ್ತು. ಇನ್ನೊಮ್ಮೆ ಬದಲಿಸಿದೆ. ದುಡ್ಡು ಅವರದೇ. ಮೂರನೇ ಸಲ ರಾತ್ರಿ ಎಂಟಕ್ಕೆ ಹೋಗಿ ಬೋರ್ಡ್ ಪೂರ್ತಿ ಬಿಚ್ಚಿ ಕೂತೆ. ಗೀಸರ್ ಲೈನಿನ ನ್ಯೂಟ್ರಲ್ ಅನ್ನು ನಾನೇ ಆರ್‌ಸಿಸಿಬಿ ದಾಟಿಸಿ ಬೇರೆ ಲೈನಿನ ನ್ಯೂಟ್ರಲ್‌ಗೆ ಸೇರಿಸಿಬಿಟ್ಟಿದ್ದೆ. ಹೋದ ಕರೆಂಟು ಅದೇ ದಾರಿಯಲ್ಲಿ ವಾಪಸ್ ಬರದಿದ್ದರೆ ಅದು ಬೀಳಲೇಬೇಕು. ಪೀಸ್ ಸರಿಯಾಗಿಯೇ ಕೆಲಸ ಮಾಡುತ್ತಿತ್ತು, ಸರಿ ಇಲ್ಲದವನು ನಾನು.

ಮೊದಲು ಮಾಲೀಕರಿಗೆ ಹೇಳಿದೆ. ಎರಡು ಪೀಸಿನ ದುಡ್ಡು ವಾಪಸ್ ಕೊಟ್ಟೆ. ಆಮೇಲೆ ಅವರನ್ನು ಕೇಳಿ, ಮನೆ ಕಾಣದ ಹಾಗೆ, ಬರೀ ಬೋರ್ಡ್ ತೋರಿಸಿ 58 ಸೆಕೆಂಡಿನ ವಿಡಿಯೊ ಮಾಡಿದೆ. ಮೊದಲ ದಿನ ಬಂದ ಕಾಮೆಂಟ್ ಓದಿ ನನ್ನ ಹೆಂಡತಿ ಅತ್ತಳು. "ಇವನಿಗೆ ಲೈಸೆನ್ಸ್ ಕೊಟ್ಟವರು ಯಾರು?" ಅದೇ ಸ್ವಲ್ಪ ಮರ್ಯಾದೆ ಇರುವ ಕಾಮೆಂಟು. ವಾರ ಪೂರ್ತಿ ತೆಗೆದುಬಿಡಲಾ ಅಂತ ಬೆರಳು ಅಲ್ಲೇ ಆಡುತ್ತಿತ್ತು. ಆಮೇಲೆ ಗದಗಿನಿಂದ ಒಬ್ಬ, ಹಾವೇರಿಯಿಂದ ಒಬ್ಬ, ಇಬ್ಬರೂ ವೈರ್‌ಮನ್‌ಗಳೇ, ಫೋನ್ ಮಾಡಿ ಮೆಲ್ಲಗೆ "ನಮ್ದೂ ಹಂಗ ಬೀಳಾಕತ್ತೇತ್ರಿ" ಅಂದರು. ಅದರಿಂದ ಗಿರಾಕಿ ಜಾಸ್ತಿ ಆದರು ಅಂತ ಸುಳ್ಳು ಹೇಳಲ್ಲ. ಆ ತಿಂಗಳು ಎರಡು ಕೆಲಸ ಕೈತಪ್ಪಿದವು.

ಅದಕ್ಕೇ ಹೇಳುವುದು, ಮೊದಲು ಫೋನ್, ಆಮೇಲೆ ಪೋಸ್ಟ್. 20 ಜನ ನಿಮ್ಮ ಪೋಸ್ಟ್ ನೋಡಿ ತಮ್ಮ ಬಾಟಲಿ ಕೆಟ್ಟಿದೆ ಅಂತ ತಿಳಿಯುವ ಹಾಗೆ ಆಗಬಾರದು.

ಅತ್ತೆಯವರದ್ದು ಅವರಿಗೇ ಬಿಡ್ರಿ. ನಾನು ಯಾರ ಮನೆ ಬಾಗಿಲು, ಬೀಗ, ದೇವರಕೋಣೆ ತೋರಿಸಲ್ಲ. ತೋರಿಸಿದರೆ ವಿಡಿಯೊ ಚೆನ್ನಾಗಿ ಓಡುತ್ತದೆ, ನನಗೂ ಗೊತ್ತು. ನಮ್ಮ ಪಾಡು ನಾವು ತೋರಿಸಬಹುದು. ಇನ್ನೊಬ್ಬರದ್ದನ್ನು ಅವರು ಹೂಂ ಅಂದರೆ ಮಾತ್ರ.

ಇನ್ನೊಂದು, ನಾಳೆ ನಿಮಗೂ ಬರುತ್ತದೆ ಅದಕ್ಕೆ ಹೇಳುತ್ತೇನೆ. ಒಂದು ಕಂಪನಿಯವರು ಒಂದು ಡಬ್ಬಿ ಸ್ವಿಚ್ ಪುಕ್ಕಟೆ ಕಳಿಸಿದ್ದರು. ವಿಡಿಯೊದಲ್ಲಿ "ಇವು ನನಗೆ ಪುಕ್ಕಟೆ ಬಂದವು" ಅಂದೆ. ಆ ಒಂದು ಮಾತು ಕತ್ತರಿಸಿ ಅಂದರು. ಪುಕ್ಕಟೆ ಬಂದದ್ದನ್ನೂ ಹೇಳಬೇಕು ಅಂತ 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆಯೇ ತಿಳಿಸಿದೆ. ಅದನ್ನು ಕಳಿಸಿದೆ, ಉತ್ತರ ಬರಲಿಲ್ಲ. ಡಬ್ಬಿ ವಾಪಸ್ ಕಳಿಸಲು ಕೊರಿಯರಿಗೆ 240 ರೂಪಾಯಿ ನನ್ನದೇ ಹೋಯಿತು. ಸ್ವಿಚ್ ಚೆನ್ನಾಗಿದ್ದವು, ಅದು ಬೇರೆ ಮಾತು.

---

ಮೊಸರನ್ನ ಉತ್ತರ

ಮೇಡಂ, ಹೇಳಲೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ. ಆ 22ರಲ್ಲಿ ಒಂದು ನನ್ನದು. ರಾಜಾಜಿನಗರಕ್ಕೆ ಬಂದದ್ದು.

ಮುಚ್ಚಳ ತೆಗೆದಾಗಲೇ ಬಿಳಿ ಕಂಡಿತ್ತು. ಚಮಚದಲ್ಲಿ ಮೇಲಿನದ್ದು ತೆಗೆದು ಬಿಸಾಕಿ ಕೆಳಗಿನದ್ದನ್ನು ತಿಂದೆವು. ಏನೂ ಆಗಲಿಲ್ಲ, ಹೆದರಬೇಡಿ. ಮಿಡಿ ಮಾತ್ರ ಸ್ವಲ್ಪ ಮೆತ್ತಗಿತ್ತು.

ನಿಮಗೆ ಯಾಕೆ ಹೇಳಲಿಲ್ಲ ಅಂದರೆ, ಆ ಗದರುವ ಅಜ್ಜಿಯೇ ಇದನ್ನು ಮಾಡುವುದು ಅಂದುಕೊಂಡಿದ್ದೆ. ಆ ವಿಡಿಯೊ ನೋಡಿಯೇ ತರಿಸಿದ್ದು. ನಮ್ಮ ಯಜಮಾನರು ದುಡ್ಡು ವಾಪಸ್ ಕೇಳು ಅಂದರು. ನಾನೇ "ಪಾಪ, ವಯಸ್ಸಾದವರು, ಕೈ ತಪ್ಪಿರುತ್ತೆ, ಈ ವಯಸ್ಸಿನಲ್ಲಿ ಇಷ್ಟು ಮಾಡೋದೇ ಹೆಚ್ಚು" ಅಂತ ಬಾಯಿ ಮುಚ್ಚಿಸಿದೆ. ಮಾಡಿದ್ದು ನೀವು ಅಂತ ಗೊತ್ತಿದ್ದರೆ ಆವತ್ತೇ ಮೆಸೇಜ್ ಮಾಡಿರುತ್ತಿದ್ದೆ. ಬೇಜಾರು ಮಾಡ್ಕೋಬೇಡಿ.

---

ಸಾಗರದ ಸೊಸೆ ಮತ್ತೆ ಬರೆದದ್ದು, ಹನ್ನೊಂದು ದಿನದ ನಂತರ

ಮೊಸರನ್ನದವರೇ, ನಿಮ್ಮ ಉತ್ತರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೈದಿದ್ದರೂ ಇಷ್ಟು ಆಗುತ್ತಿರಲಿಲ್ಲ. ಅತ್ತೆ ಮಿಡಿ ಹಾಕುವುದಕ್ಕೆ ಶುರು ಮಾಡಿ 50 ವರ್ಷದ ಮೇಲಾಯಿತು. ಒಂದು ಭರಣಿ ಕೆಟ್ಟದ್ದು ಯಾರಿಗೂ ನೆನಪಿಲ್ಲ. ನಾನು ಅವಸರದಲ್ಲಿ ಒದ್ದೆ ಬಾಟಲಿ ತುಂಬಿದ್ದು ರಾಜಾಜಿನಗರದಲ್ಲಿ ಅವರ ಲೆಕ್ಕಕ್ಕೆ ಬಿತ್ತು. ಅಜ್ಜಿ ಅಂತ ನಾನು ಎಲ್ಲೂ ಬರೆದಿರಲಿಲ್ಲ, ನಿಜ. ಆದರೆ 70 ಆರ್ಡರ್ ಬಂದಾಗ ‘ಮಾಡೋದು ನಾನು’ ಅಂತಲೂ ಹೇಳಲಿಲ್ಲ. ಜನ ಏನಂದುಕೊಂಡರೂ ಅನ್ನಲಿ, ಮಾರಾಟ ಆಗ್ತಿದೆಯಲ್ಲ ಅಂತ ಸುಮ್ಮನಿದ್ದೆ.

ಮಾರನೇ ದಿನ ನೋಟ್‌ಬುಕ್ ಹಿಡಿದು ಫೋನ್ ಮಾಡುತ್ತ ಕೂತೆ. ನಮ್ಮಲ್ಲಿ ಸಿಗ್ನಲ್ ಸಿಗುವುದು ಅಂಗಳದ ತೆಂಗಿನಮರದ ಹತ್ತಿರ ಮಾತ್ರ, ಆದ್ದರಿಂದ ಕೊಡೆ ಹಿಡಿದು ನಿಂತೇ. 20ರಲ್ಲಿ 14 ಜನ ಬೇರೆ ಬಾಟಲಿ ಕಳಿಸಿ ಅಂದರು. ಮೂವರಿಗೆ ದುಡ್ಡು ವಾಪಸ್. ಇಬ್ಬರು ಎತ್ತಲಿಲ್ಲ, ಮೆಸೇಜ್ ಹಾಕಿದ್ದೇನೆ. ಒಬ್ಬರು ಹತ್ತು ನಿಮಿಷ ಬೈದರು. ಮಕ್ಕಳಿಗೆ ಹಾಕಿದ್ದರಂತೆ. ಪೂರ್ತಿ ಕೇಳಿಸಿಕೊಂಡೆ.

ಆಮೇಲೆ ವಿಡಿಯೊ ಮಾಡಿದೆ, ನಮ್ಮ ಹಸಿರು ಟೈಲ್ಸ್ ಮುಂದೆಯೇ. ವೈರ್‌ಮನ್ ಅಣ್ಣನ ವಿಡಿಯೊ ನೆನೆದು ಉದ್ದ ಎಳೆಯಲಿಲ್ಲ, 1 ನಿಮಿಷ 40 ಸೆಕೆಂಡ್. ಜೂನ್‌ನಲ್ಲಿ ತುಂಬಿದ್ದು ಕೆಟ್ಟಿದೆ, ಬಾಟಲಿ ಒಣಗಿಸದೇ ತುಂಬಿದ್ದು ನಾನು, ಮಾಡುವುದೂ ನಾನೇ, ಕಲಿಸಿದವರು ಅತ್ತೆ, ನಾನು ದಾವಣಗೆರೆಯವಳು. ಮಿಕ್ಸಿಯೂ ಹಿಂದೆ ಕಾಣುತ್ತದೆ. 2,300 ಜನ ನೋಡಿದರು. 41 ಜನ ಪೇಜ್ ಬಿಟ್ಟು ಹೋದರು. ಆ ವಾರ ಬಂದದ್ದು ಮೂರೇ ಆರ್ಡರ್, ಬೇರೆ ವಾರ ಒಂಬತ್ತು ಹತ್ತು ಬರುತ್ತದೆ. ಒಂದು ಕಾಮೆಂಟ್ ಮಾತ್ರ ನಗು ತರಿಸಿತು: "ದಾವಣಗೆರೆಯವರಾಗಿ ಬೆಣ್ಣೆ ದೋಸೆ ಬಿಟ್ಟು ಇದ್ಯಾಕೆ ತಾಯಿ?"

ಬ್ರ್ಯಾಂಡಿಂಗ್ ಹುಡುಗನಿಗೂ ಫೋನ್ ಮಾಡಿದೆ. 12 ರೀಲ್ಸ್ ಬೇಡ ಅಂದೆ. ಪಾಪ, ಸಿಟ್ಟಾಗಲಿಲ್ಲ. ಹೊಸ ಲೇಬಲ್ ಮಾಡಿಕೊಡಪ್ಪ ಅಂದೆ, 4,000ಕ್ಕೆ ಒಪ್ಪಿದ. ಮೂಗುತಿ ಅಜ್ಜಿ ಚಿತ್ರ ಅದರಲ್ಲಿಲ್ಲ. ‘ಸಾಗರದ ಮಿಡಿ, ದಾವಣಗೆರೆ ಸೊಸೆ’ ಅಂತ ಅವನೇ ಬರೆದದ್ದು. ಇದೂ ಬ್ರ್ಯಾಂಡಿಂಗೇ ಅಲ್ವಾ ಅಂತ ನೀವು ಕೇಳಿದರೆ, ಹೌದು. ನನಗೆ ಇಷ್ಟ ಆಯಿತು. ಕಟ್ಟೆಪುರಾಣದವರೇ, ಮುಚ್ಚಳದ ಒಳಗೆ ಹಾಕುವ ಸೀಲ್ ಕೂಡ ತರಿಸಿದ್ದೇನೆ. ಒಂದು ಬಾಟಲಿಯನ್ನು ತಲೆಕೆಳಗಾಗಿ ಇಟ್ಟು ಇವತ್ತಿಗೆ ನಾಲ್ಕು ದಿನ, ಇನ್ನೂ ಸೋರಿಲ್ಲ.

ಅತ್ತೆಗೆ ಎಲ್ಲ ಹೇಳಿದೆ, ರಾಜಾಜಿನಗರದ್ದೂ ಸೇರಿಸಿ. "ನನ್ನ ಕೈ ತಪ್ಪಿತು ಅಂದ್ರಾ?" ಅಂತ ಒಮ್ಮೆ ಕೇಳಿದರು. ಅಷ್ಟೇ, ಎದ್ದು ಒಳಗೆ ಹೋದರು. ಸೊನೆ ವಿಡಿಯೊ ತೆಗೆದುಬಿಡಲಾ ಅಂದರೆ, "ಇರಲಿ ಬಿಡು, ಅಷ್ಟು ಜನ ಕೇಳಿಯಾಗಿದೆ" ಅಂತ ಅಲ್ಲಿಂದಲೇ ಅಂದರು.

ಮೊನ್ನೆ ಬದಲಿ ಬಾಟಲಿಗಳಿಗೆ ಅಂತ ಉಪ್ಪಿನಲ್ಲಿಟ್ಟ ಮಿಡಿ ತೆಗೆದಿದ್ದೆ. ನಾನು ಸಾಸಿವೆ ಕಲಸುವುದನ್ನು ನೋಡುತ್ತ ಬಾಗಿಲಲ್ಲಿ ನಿಂತಿದ್ದವರು, "ಅದನ್ನ ಹಂಗಲ್ಲ ಕಲಸೋದು" ಅಂದರು. ಹದಿನೆಂಟು ವರ್ಷದಿಂದ ಹಂಗೇ ಕಲಸುತ್ತಿದ್ದೇನೆ. ಆಮೇಲೆ ತಾವಾಗಿಯೇ, "ಮುಖ ಬೇಡ. ಕೈ ಬೇಕಾದ್ರೆ ತಗೋ, ತೋರಿಸ್ತೀನಿ" ಅಂದರು. ಮಗ ಓಡಿಹೋಗಿ ಫೋನ್ ತಂದ. ನೋಡಿದರೆ ಅತ್ತೆ ಇಲ್ಲ. ಒಳಗೆ ಬೀರು ತೆಗೆದು ಬಳೆ ಬದಲಿಸುತ್ತ ನಿಂತಿದ್ದಾರೆ.

"ದಿನಾ ಹಾಕ್ಕೊಳ್ಳೋದೇ ಇರಲಿ ಅತ್ತೆ, ಅದೇ ಚೆನ್ನಾಗಿರೋದು" ಅಂದೆ.

"ಊರೆಲ್ಲ ನೋಡುತ್ತೆ ಅಂತೀಯ, ಬಿರುಕು ಬಿಟ್ಟ ಬಳೆ ತೋರಿಸ್ಲಾ?" ಅಂದರು.

ಹಸಿರು ಗಾಜಿನ ಬಳೆ, ಎರಡೂ ಕೈಗೆ ಒಂದೊಂದು ಡಜನ್. ಟೈಲ್ಸ್‌ಗೆ ಮ್ಯಾಚ್ ಆಗಿದೆ. ಗುರುವಾರ ಹಾಕುತ್ತೇನೆ.